ಗುಬ್ಬಿ ಊರಿಗೂ ಕನ್ನಡ ಸಿನಿಮಾದ ಆರಂಭಕ್ಕೂ ಇರುವ ನಂಟು ಎಂಥದ್ದು?

ನಿಟ್ಟೂರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಈ ಸಲ ಶಾಲೆಯ ಗೋಡೆ ಪತ್ರಿಕೆಗೆ ‘ನಮ್ಮ ಊರು’ ಎಂಬ ವಿಷಯ ಕೊಟ್ಟಿದ್ದೆ. ಮಕ್ಕಳು ಚನ್ನಬಸವೇಶ್ವರ ಸ್ವಾಮಿಯ ಜಾತ್ರೆ, ತೆಂಗು, ಅಡಿಕೆ, ಗುಬ್ಬಿ ವೀರಣ್ಣನವರ ಕಂಪನಿಯ ನಾಟಕಗಳು ಎಂದು ಚೆನ್ನಾಗಿಯೇ ಬರೆದು ತಂದರು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮಾತ್ರ ಬರೆದ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತು, “ಸರ್, ವೀರಣ್ಣನವರು ಸಿನಿಮಾನೂ ಮಾಡಿದ್ದರಂತೆ, ನಮ್ಮ ತಾತ ಹೇಳ್ತಾರೆ. ಅದನ್ನು ಬರೆಯಬಹುದಾ?” ಎಂದು ಕೇಳಿದಳು. ಬರೆಯಮ್ಮ ಎಂದೆನಾದರೂ, ಏನು ಬರೆಯಬೇಕೆಂದು ಅವಳಿಗೆ ಹೇಳಿಕೊಡುವಷ್ಟು ನನಗೇ ತಿಳಿದಿರಲಿಲ್ಲ. ಇಷ್ಟು ವರ್ಷ ಇದೇ ತಾಲ್ಲೂಕಿನಲ್ಲಿ ಪಾಠ ಮಾಡಿದವನಾಗಿ ಆ ಸಂಜೆ ಮನೆಗೆ ಹೋಗುವಾಗ ಮನಸ್ಸಿಗೆ ಬಹಳ ಕಸಿವಿಸಿಯಾಯಿತು.

ಕಳೆದ ವರ್ಷ ನಮ್ಮ ಕಡೆಯ ಒಂದು ಸಮಾರಂಭದಲ್ಲಿ ಭಾಷಣಕಾರರೊಬ್ಬರು ಕನ್ನಡದ ಮೊದಲ ಮಾತಿನ ಚಿತ್ರವನ್ನು ತೆಗೆದವರೇ ಗುಬ್ಬಿ ವೀರಣ್ಣನವರು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಅದು ನಿಜವೇ? ನಿಜವಲ್ಲದಿದ್ದರೆ ಆ ಕಾಲದ ಸಿನಿಮಾದಲ್ಲಿ ಗುಬ್ಬಿಯ ಪಾಲು ಎಷ್ಟು? ಬಲ್ಲವರು ವಿವರವಾಗಿ ತಿಳಿಸಿದರೆ ಮಕ್ಕಳ ಕೈಯಲ್ಲಿ ತಪ್ಪು ಬರೆಸದಂತೆ ನೋಡಿಕೊಳ್ಳುತ್ತೇನೆ.

ಹಳೆಯ ರೀಲು

ಮೇಷ್ಟ್ರೇ, ಮೊದಲು ಆ ಭಾಷಣದ ಮಾತನ್ನು ಸರಿಪಡಿಸಿಬಿಡೋಣ. ಕನ್ನಡದಲ್ಲಿ ಮೊದಲು ತೆರೆಗೆ ಬಂದ ಮಾತಿನ ಚಿತ್ರ ‘ಸತಿ ಸುಲೋಚನಾ’. ಅದು ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು. ಬೆಂಗಳೂರಿನಲ್ಲಿ ನೆಲೆಸಿದ್ದ ಚಮನ್‌ಲಾಲ್ ಡುಂಗಾಜಿ ಎಂಬ ವ್ಯಾಪಾರಿ ಹಣ ಹಾಕಿದರು, ವೈ.ವಿ. ರಾವ್ ನಿರ್ದೇಶಿಸಿದರು, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಮುಖ್ಯ ಪಾತ್ರಗಳಲ್ಲಿದ್ದರು. ಮೈಸೂರು ಸಂಸ್ಥಾನದಲ್ಲಿ ಮಾತಿನ ಚಿತ್ರ ತೆಗೆಯುವ ಸೌಕರ್ಯವಿರಲಿಲ್ಲವಾಗಿ ಇಡೀ ತಂಡ ಕೊಲ್ಹಾಪುರಕ್ಕೆ ಹೋಗಿ ಅಲ್ಲಿನ ಸ್ಟುಡಿಯೋದಲ್ಲಿ ಚಿತ್ರೀಕರಣ ಮುಗಿಸಿಕೊಂಡು ಬಂದಿತು. ಆದ್ದರಿಂದ ‘ಮೊದಲನೆಯದು ವೀರಣ್ಣನವರದ್ದು’ ಎಂಬುದನ್ನು ಮಕ್ಕಳ ಕೈಯಲ್ಲಿ ಬರೆಸಬೇಡಿ.

ಆದರೆ ನಾನು ಇಲ್ಲಿಗೇ ನಿಲ್ಲಿಸಿದರೆ ಗುಬ್ಬಿಗೆ ಅನ್ಯಾಯವಾಗುತ್ತದೆ. ಏಕೆಂದರೆ ವೀರಣ್ಣನವರು ಸಿನಿಮಾಕ್ಕೆ ಕೈ ಹಾಕಿದ್ದು ‘ಸತಿ ಸುಲೋಚನಾ’ಕ್ಕಿಂತ ಮೊದಲು. 1930ರ ಆಸುಪಾಸಿನಲ್ಲಿ, ಅಂದರೆ ತೆರೆಯ ಮೇಲಿನ ಮನುಷ್ಯರು ಇನ್ನೂ ಮಾತನಾಡದಿದ್ದ ಕಾಲದಲ್ಲಿ, ಅವರು ಬೆಂಗಳೂರಿನಲ್ಲಿ ಮೂಕಿ ಚಿತ್ರಗಳ ತಯಾರಿಕೆಗೆ ಇಳಿದರು. ‘ಹರಿಮಾಯಾ’, ‘ಹಿಸ್ ಲವ್ ಅಫೇರ್’ ಮುಂತಾದ ಚಿತ್ರಗಳು ಹೊರಬಂದದ್ದು ಆಗ. ಎರಡನೆಯದನ್ನು ನಿರ್ದೇಶಿಸಿದವರು ಬೆಲ್ಜಿಯಂ ದೇಶದ ರಾಫೆಲ್ ಆಲ್ಗೋಯೆಟ್. ಅದರಲ್ಲಿ ವೀರಣ್ಣನವರೂ ಅವರ ಕಂಪನಿಯ ನಟಿ ಬಿ. ಜಯಮ್ಮನವರೂ ನಟಿಸಿದ್ದರು. ‘ಹರಿಮಾಯಾ’ವನ್ನು ನಿರ್ದೇಶಿಸಿದವರು ಬೇರಾರೂ ಅಲ್ಲ, ಮುಂದೆ ‘ಸತಿ ಸುಲೋಚನಾ’ ತೆಗೆದ ಅದೇ ವೈ.ವಿ. ರಾವ್. (ನಟಿ ಲಕ್ಷ್ಮಿಯವರ ತಂದೆ ಎಂದರೆ ಈಗಿನವರಿಗೆ ಬೇಗ ಗುರುತು ಸಿಗುತ್ತದೆ.) ನಮ್ಮ ಮೊದಲ ಮಾತಿನ ಚಿತ್ರದ ನಿರ್ದೇಶಕರು ಅದಕ್ಕೂ ಮೊದಲು ಗುಬ್ಬಿಯವರೊಬ್ಬರ ಹಣದಲ್ಲಿ ಚಿತ್ರ ತೆಗೆದಿದ್ದರು ಎಂಬ ಈ ಕೊಂಡಿಯನ್ನು ಯಾರೂ ಎತ್ತಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಆ ಭಾಷಣದಲ್ಲಿ ಹೇಳಬೇಕಾಗಿದ್ದ ಮಾತು ಇದು.

ಆ ಹೆಜ್ಜೆಯ ಧೈರ್ಯ ಎಷ್ಟಿತ್ತೆಂದು ಸ್ವಲ್ಪ ಯೋಚಿಸಿ. ವೀರಣ್ಣನವರ ಬಂಡವಾಳವೆಲ್ಲ ಇದ್ದದ್ದು ಮಾತಿನಲ್ಲಿ. ಯಾವ ಮಾತಿನ ಹಿಂದೆ ಎಷ್ಟು ಹೊತ್ತು ನಿಲ್ಲಬೇಕು, ಜನ ನಗುವುದಕ್ಕೆ ಎಷ್ಟು ಬಿಡಬೇಕು, ನಕ್ಕು ಮುಗಿಸುವ ಮೊದಲೇ ಮುಂದಿನ ಮಾತನ್ನು ಹೇಗೆ ತೂರಿಸಬೇಕು ಎಂಬ ಲೆಕ್ಕದಲ್ಲಿ ಅವರಿಗೆ ಸಾಟಿಯಾದವರು ಇರಲಿಲ್ಲ. ಅವರ ಕಂಪನಿಯ ಇನ್ನೊಂದು ಬಂಡವಾಳ ಹಾಡು. ಮೂಕಿ ಚಿತ್ರದಲ್ಲಿ ಈ ಎರಡಕ್ಕೂ ಜಾಗವಿಲ್ಲ. ತಮ್ಮ ಎರಡು ಕೈಗಳನ್ನೂ ಕಟ್ಟಿಹಾಕುವ ಕಲೆಯೊಂದಕ್ಕೆ, ನಾಟಕದಿಂದ ದುಡಿದ ಹಣವನ್ನು ಸುರಿದು ನೋಡಿದರು. ಅದು ಹಣದ ಆಸೆಗೆ ಮಾಡಿದ ಕೆಲಸವಾಗಿರಲಾರದು, ಹೊಸದೊಂದು ಬಂದಿದೆ, ಅದು ನಮ್ಮಲ್ಲೂ ಆಗಬೇಕು ಎಂಬ ಹಂಬಲ ಎಂದೇ ನಾನು ತಿಳಿದಿದ್ದೇನೆ.

ಆ ಮೂಕಿ ಚಿತ್ರಗಳಲ್ಲಿ ಯಾವುದನ್ನೂ ಇಂದು ಚಿತ್ರಮಂದಿರದಲ್ಲಿ ಕುಳಿತು ನೋಡುವ ಹಾಗಿಲ್ಲ. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಉಳಿದುಕೊಂಡಿರುವವು ಬೆರಳೆಣಿಕೆಯಷ್ಟು. ಆ ಕಾಲದ ಫಿಲಂ ನೈಟ್ರೇಟ್ ಬೆರೆತದ್ದಾದ್ದರಿಂದ ಬಹಳ ಬೇಗ ಬೆಂಕಿ ಹಿಡಿಯುತ್ತಿತ್ತು, ಬಿಸಿಲ ನಾಡಿನ ಶೆಕೆಗೆ ಕೊಳೆತು ಪುಡಿಯೂ ಆಗುತ್ತಿತ್ತು. ಓಡಿ ಮುಗಿದ ಚಿತ್ರಗಳ ರೀಲುಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸುವುದೂ ಇತ್ತು. ‘ಸತಿ ಸುಲೋಚನಾ’ದ ಪ್ರತಿಯೇ ನಮಗೆ ಉಳಿದಿಲ್ಲ ಎಂದ ಮೇಲೆ ಅದಕ್ಕಿಂತ ಹಿಂದಿನ ಮೂಕಿಗಳ ಗತಿ ಕೇಳಬೇಕಾಗಿಲ್ಲ. ಗುಬ್ಬಿಯ ಈ ನಂಟು ಮರೆತುಹೋಗುವುದಕ್ಕೆ ಅರ್ಧ ಕಾರಣ ಇದೇ. ಕಣ್ಣಿಗೆ ತೋರಿಸಲು ಏನೂ ಇಲ್ಲ.

ಮಾತಿನ ಚಿತ್ರಗಳ ಕಡೆಗೆ ಬಂದರೆ 1935ರಲ್ಲಿ ‘ಸದಾರಮೆ’ ಬಂತು. ನಾಟಕದಲ್ಲಿ ಜನ ಮತ್ತೆ ಮತ್ತೆ ಟಿಕೆಟ್ ಕೊಂಡು ನೋಡುತ್ತಿದ್ದ ಕಳ್ಳನ ಪಾತ್ರವನ್ನು ವೀರಣ್ಣನವರು ತೆರೆಯ ಮೇಲೂ ಮಾಡಿದರು. ಆಮೇಲೆ 1941ರಲ್ಲಿ ‘ಸುಭದ್ರಾ’, 1942ರಲ್ಲಿ ‘ಜೀವನ ನಾಟಕ’, ಆ ದಶಕದ ನಡುವೆ ‘ಹೇಮರೆಡ್ಡಿ ಮಲ್ಲಮ್ಮ’. ಕನ್ನಡದಲ್ಲಿ ವರ್ಷಕ್ಕೆ ಒಂದೆರಡು ಚಿತ್ರ ಬಂದರೆ ಹೆಚ್ಚು, ಕೆಲವು ವರ್ಷ ಅದೂ ಇಲ್ಲ ಎಂಬಂಥ ಕಾಲ ಅದು. ಆ ಬರಗಾಲದಲ್ಲಿ ಈ ಮೂರು ಚಿತ್ರಗಳ ತೂಕ ಎಷ್ಟೆಂಬುದನ್ನು ಇಂದಿನ ಲೆಕ್ಕದಲ್ಲಿ ಅಳೆಯಲಾಗದು. ‘ಜೀವನ ನಾಟಕ’ಕ್ಕೆ ಮರಾಠಿ, ಹಿಂದಿ ತೆರೆಯಲ್ಲಿ ಆಗಲೇ ಹೆಸರು ಮಾಡಿದ್ದ ಹುಬ್ಬಳ್ಳಿ ಸೀಮೆಯ ಶಾಂತಾ ಹುಬ್ಳೀಕರ್ ಅವರನ್ನು ಕರೆಸಲಾಯಿತು. ಕೆಂಪರಾಜ ಅರಸು ತೆರೆಗೆ ಬಂದದ್ದು ಆ ಚಿತ್ರದಿಂದ. ಮಲ್ಲಮ್ಮನಾಗಿ ಜಯಮ್ಮನವರನ್ನು ಕಂಡವರು ಅವರನ್ನು ಆ ಹೆಸರಿನಿಂದಲೇ ನೆನೆಯುತ್ತಿದ್ದರು.

ಸೈಡ್ ವಿಂಗ್

ಮೇಲಿನ ಮಿತ್ರರು ಚಿತ್ರಗಳ ವಿಷಯ ಹೇಳಿದರು. ನಾನು ಹವ್ಯಾಸಿ ರಂಗಭೂಮಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಗುಬ್ಬಿಯ ನಿಜವಾದ ಕೊಡುಗೆಯನ್ನು ವೀರಣ್ಣನವರು ಹಣ ಹಾಕಿದ ಚಿತ್ರಗಳ ಪಟ್ಟಿಯಲ್ಲಿ ಹುಡುಕಿದರೆ ಸಾಲದು ಎಂದು ನನಗೆ ಅನ್ನಿಸುತ್ತದೆ. ಅದು ಇರುವುದು ಜನರಲ್ಲಿ.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ವೀರಣ್ಣನವರು ಬಾಲನಟರಾಗಿ ಸೇರಿ, 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಆಮೇಲೆ ಅದು ಬರೀ ನಾಟಕ ಮಂಡಳಿಯಾಗಿ ಉಳಿಯಲಿಲ್ಲ. ಊಟ, ವಸತಿ, ಪಾಠ, ಶಿಸ್ತು ಎಲ್ಲ ಒಂದೇ ಸೂರಿನಡಿ ಇದ್ದ ಒಂದು ಗುರುಕುಲವಾಯಿತು. ಅಲ್ಲಿಗೆ ಬಂದ ಹುಡುಗ ಬೆಳಿಗ್ಗೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಶ್ರುತಿ ಹಿಡಿಯಬೇಕು, ಮಧ್ಯಾಹ್ನ ಮಾತು ಬಾಯಿಪಾಠ ಮಾಡಬೇಕು, ರಾತ್ರಿ ಪಾರ್ಟು ಇದ್ದರೆ ಬಣ್ಣ ಹಚ್ಚಬೇಕು, ಇಲ್ಲದಿದ್ದರೆ ವಿಂಗಿನ ಮರೆಯಲ್ಲಿ ನಿಂತು ಪರದೆಯ ಹಗ್ಗ ಎಳೆಯಬೇಕು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಪ್ರತಿಯೊಂದು ಅಕ್ಷರ ಕೇಳಬೇಕಿತ್ತು. ಹೀಗೆ ಹತ್ತು ವರ್ಷ ತಿದ್ದಿಸಿಕೊಂಡ ನಾಲಗೆ ಸ್ಟುಡಿಯೋದ ಮೈಕಿನ ಮುಂದೆ ನಿಂತಾಗ ತೊದಲುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಹಳೆಯ ಚಿತ್ರಗಳ ಮಾತಿನಲ್ಲಿ ಒತ್ತಕ್ಷರ, ಮಹಾಪ್ರಾಣ ಅಷ್ಟು ಸ್ಪಷ್ಟವಾಗಿರುವುದಕ್ಕೆ ಕಂಪನಿ ಮನೆಯ ಈ ತಾಲೀಮು ಕಾರಣ.

ಹೆಣ್ಣು ಪಾತ್ರಗಳ ವಿಷಯವೂ ಹೀಗೆಯೇ. ಗಂಡಸರೇ ಸೀರೆ ಉಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಗುಬ್ಬಿ ಕಂಪನಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದು ಗೌರವದಿಂದ ನಡೆಸಿಕೊಂಡಿತು. ತೆರೆಯ ಮೇಲೆ ಗಂಡು ಹೆಣ್ಣಾಗಿ ಕಾಣಿಸಿಕೊಂಡರೆ ನಡೆಯದು, ಕ್ಯಾಮೆರಾ ಮೋಸವನ್ನು ಹಿಡಿದುಬಿಡುತ್ತದೆ. ಆಗ ಹಾಡು, ಮಾತು, ನಡಿಗೆ ಮೂರೂ ಪಳಗಿದ ಜಯಮ್ಮನವರಂಥ ನಟಿ ಸಿದ್ಧವಾಗಿ ಸಿಕ್ಕಿದ್ದು ಕಂಪನಿಯಿಂದ.

ಇನ್ನು ಅಲ್ಲಿಂದ ಹೊರಟವರನ್ನು ನೋಡಿ. ನೆಲಮಂಗಲ ಸೀಮೆಯ ಹೊನ್ನಪ್ಪ ಭಾಗವತರು ಕಂಪನಿಯ ಗಾಯಕ ನಟರು, ಮುಂದೆ 1955ರಲ್ಲಿ ‘ಮಹಾಕವಿ ಕಾಳಿದಾಸ’ ತೆಗೆದು ಬಿ. ಸರೋಜಾದೇವಿಯವರನ್ನು ಚಿತ್ರರಂಗಕ್ಕೆ ಪರಿಚಯಿಸಿದರು. ನಂಜನಗೂಡಿನ ಜಿ.ವಿ. ಅಯ್ಯರ್ ಎಂಟು ವರ್ಷದ ಹುಡುಗನಾಗಿ ಕಂಪನಿ ಸೇರಿದವರು, ಭಾರತದ ಮೊದಲ ಸಂಸ್ಕೃತ ಚಲನಚಿತ್ರವನ್ನು ನಿರ್ದೇಶಿಸುವಷ್ಟು ದೂರ ನಡೆದರು. ನಿಮ್ಮ ಪಕ್ಕದ ತಿಪಟೂರಿನ ನರಸಿಂಹರಾಜು ಕೂಡ ಆ ಬಣ್ಣದ ಮನೆಯನ್ನು ಕಂಡವರೇ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಪನಿಯ ಹೆಸರಾಂತ ನಟರು. ಅವರ ಜೊತೆಯಲ್ಲಿ ಬಂದು ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ ಮಗ ಮುತ್ತುರಾಜ. ಆ ಮುತ್ತುರಾಜ ಯಾರೆಂದು ನಿಮ್ಮ ಮಕ್ಕಳಿಗೆ ಹೇಳಬೇಕಾಗಿಲ್ಲ.

1954ರ ‘ಬೇಡರ ಕಣ್ಣಪ್ಪ’ದಲ್ಲಿ ಈ ಎಳೆಗಳೆಲ್ಲ ಒಂದು ಗಂಟಾದವು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಆ ಚಿತ್ರದಲ್ಲಿ ಮುತ್ತುರಾಜ ರಾಜಕುಮಾರ್ ಆದರು. ನರಸಿಂಹರಾಜು, ಜಿ.ವಿ. ಅಯ್ಯರ್ ಅವರನ್ನು ಕನ್ನಡ ಪ್ರೇಕ್ಷಕರು ತೆರೆಯ ಮೇಲೆ ಗುರುತಿಸತೊಡಗಿದ್ದು ಆಗಿನಿಂದ. ಚಿತ್ರ ನಿರ್ಮಿಸಿದ ಸಂಸ್ಥೆಯ ಹೆಸರಿನ ಮೊದಲ ಪದವೇ ‘ಗುಬ್ಬಿ’. ಇಂದಿಗೂ ಆ ಚಿತ್ರ ಹಾಕಿದರೆ ನಿಮ್ಮೂರಿನ ಹೆಸರು ತೆರೆಯ ಮೇಲೆ ಬರುತ್ತದೆ. ಮಕ್ಕಳಿಗೆ ಅದೊಂದನ್ನು ತೋರಿಸಿ ಸರ್. ನೂರು ಮಾತು ಹೇಳುವುದಕ್ಕಿಂತ ಅದು ಹೆಚ್ಚು ನಾಟುತ್ತದೆ.

ಬೆಳ್ಳಾವೆ ದಾರಿ

ನಮ್ಮೂರನ್ನು ಬಿಟ್ಟುಬಿಟ್ಟಿರಲ್ಲ ಎಂದು ಸ್ವಲ್ಪ ನೊಂದುಕೊಂಡೇ ಬರೆಯುತ್ತಿದ್ದೇನೆ. ‘ಸತಿ ಸುಲೋಚನಾ’ಕ್ಕೆ ಸಾಹಿತ್ಯ ಒದಗಿಸಿದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆ ಇರುವುದು ತುಮಕೂರು ತಾಲ್ಲೂಕಿನಲ್ಲಿ. ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟವರು, ಕಂಪನಿಯ ಪ್ರೇಕ್ಷಕರ ಕಿವಿ ಎಂಥ ಮಾತಿಗೆ, ಎಂಥ ಮಟ್ಟಿನ ಹಾಡಿಗೆ ಅರಳುತ್ತದೆ ಎಂಬುದನ್ನು ಅಲ್ಲಿ ಬಲ್ಲವರು. ಆದ್ದರಿಂದ ಮೊದಲ ಕನ್ನಡ ಮಾತಿನ ಚಿತ್ರ ವೀರಣ್ಣನವರದ್ದಲ್ಲದಿದ್ದರೂ, ಅದರಲ್ಲಿ ಕೇಳಿಬಂದ ಕನ್ನಡ ತುಮಕೂರು ಸೀಮೆಯ ಲೇಖನಿಯಿಂದ ಇಳಿದದ್ದು. ನಿಮ್ಮ ಗೋಡೆ ಪತ್ರಿಕೆಯಲ್ಲಿ ಗುಬ್ಬಿಯ ಪಕ್ಕದಲ್ಲಿ ಬೆಳ್ಳಾವೆಗೂ ಎರಡು ಸಾಲು ಜಾಗ ಕೊಟ್ಟರೆ ನಮ್ಮ ಕಡೆಯವರಿಗೆ ಸಂತೋಷವಾಗುತ್ತದೆ.

ನಿಟ್ಟೂರಿನ ಮೇಷ್ಟ್ರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬೆಳ್ಳಾವೆಯವರು ದಯವಿಟ್ಟು ಬೇಸರಿಸಬಾರದು, ಎರಡು ಸಾಲಲ್ಲ, ಒಂದು ಪೂರ್ತಿ ಹಾಳೆಯನ್ನೇ ಶಾಸ್ತ್ರಿಗಳಿಗೆ ಮೀಸಲಿಡುತ್ತೇನೆ. ಆದರೆ ಇನ್ನೊಂದು ಪ್ರಶ್ನೆ ಉಳಿದಿದೆ. ಇಷ್ಟೆಲ್ಲ ಇದ್ದರೂ ಗುಬ್ಬಿಯಲ್ಲೇ ಹುಟ್ಟಿ ಬೆಳೆದವರ ಬಾಯಲ್ಲಿ ಇದು ಏಕೆ ಕೇಳಿಬರುವುದಿಲ್ಲ? ನಾಟಕದ ಮಾತು ಬಂದರೆ ಎದೆಯುಬ್ಬಿಸಿ ಹೇಳುವವರು ಸಿನಿಮಾದ ಮಾತಿಗೆ ಸುಮ್ಮನಾಗುತ್ತಾರೆ. ಊರಿನಲ್ಲಿ ಚಿತ್ರೀಕರಣವಾದ ಜಾಗ, ಹಳೆಯ ಸ್ಟುಡಿಯೋ, ಏನಾದರೂ ಇದ್ದಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದಿತ್ತು.

ಅರಸೀಕೆರೆ ಪ್ಯಾಸೆಂಜರ್

ಮೇಷ್ಟ್ರೇ, ನೀವು ಹುಡುಕುತ್ತಿರುವ ಸ್ಟುಡಿಯೋ ಗುಬ್ಬಿಯಲ್ಲಿ ಸಿಗುವುದಿಲ್ಲ. ಮೂಕಿ ಚಿತ್ರಗಳ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಅದೇ ಹೊತ್ತಿನಲ್ಲಿ ಸೂರ್ಯ ಫಿಲಂ ಕಂಪನಿಯೂ ಅಲ್ಲೇ ಮೂಕಿಗಳನ್ನು ತಯಾರಿಸುತ್ತಿತ್ತು. ಮಾತು ಬಂದ ಮೇಲೆ ಕನ್ನಡ ಚಿತ್ರಗಳು ಕೊಲ್ಹಾಪುರಕ್ಕೆ, ಆಮೇಲೆ ಮದರಾಸಿನ ಕಡೆಗೆ ಹೋದವು. ಗುಬ್ಬಿಯಿಂದ ಹೋದದ್ದು ಹೆಸರು, ಹಣ ಮತ್ತು ಮನುಷ್ಯರು. ಈ ಮೂರಕ್ಕೂ ಕಟ್ಟಡವಿರುವುದಿಲ್ಲವಾದ್ದರಿಂದ ಊರಿನವರ ಕಣ್ಣಿಗೆ ಗುರುತು ಉಳಿಯಲಿಲ್ಲ.

ಅಷ್ಟಕ್ಕೂ ಕಂಪನಿಯೇ ಊರಿನಲ್ಲಿ ನಿಂತದ್ದಲ್ಲ. ಅದು ಹುಟ್ಟಿದ ದಶಕದಲ್ಲೇ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ದಾಟಿ ರೈಲು ದಾರಿ ಹರಿಹರದವರೆಗೆ ಬಂತು. ನಮ್ಮ ತಂದೆಯವರು ಇದೇ ದಾರಿಯ ಒಂದು ಸಣ್ಣ ನಿಲ್ದಾಣದಲ್ಲಿ ಕೆಲಸಕ್ಕಿದ್ದರು. ಅವರು ಕಂಡದ್ದನ್ನು ನನಗೆ ಹೇಳುತ್ತಿದ್ದರು. ನಾಟಕ ಕಂಪನಿಯೊಂದು ಊರು ಬಿಡುವ ದಿನ ಪ್ಲಾಟ್‌ಫಾರಂ ಮೇಲೆ ಉದ್ದನೆಯ ಬಿದಿರಿಗೆ ಸುತ್ತಿದ ಪರದೆಗಳನ್ನು ಸಾಲಾಗಿ ಮಲಗಿಸಿರುತ್ತಿದ್ದರಂತೆ. ಒಂದರ ತುದಿ ಬಿಚ್ಚಿಕೊಂಡು ಅರಮನೆಯ ಕಂಬವೊಂದರ ಬುಡ ಕಾಣುತ್ತಿತ್ತು, ಇನ್ನೊಂದರಿಂದ ಕಾಡಿನ ಒಂದು ಕೊಂಬೆ. ಹಮಾಲಿಗಳು ಅವುಗಳನ್ನು ಎತ್ತುವಾಗ ಕಂಪನಿಯ ಹಿರಿಯರೊಬ್ಬರು ಪಕ್ಕದಲ್ಲೇ ನಡೆದುಕೊಂಡು “ನೀರು ಸೋಕಿಸಬೇಡಿ, ಬಣ್ಣ ಹೋದೀತು” ಎನ್ನುತ್ತಿದ್ದರಂತೆ. ತಂದೆಯವರು ಮೂರು ದಶಕಗಳ ನಂತರವೂ ಆ ಧ್ವನಿಯನ್ನು ಅನುಕರಿಸಿ ತೋರಿಸುತ್ತಿದ್ದರು.

ಹೀಗೆ ಊರಿಂದ ಊರಿಗೆ ಸಾಗುತ್ತಿದ್ದ ಕಂಪನಿಯ ಹೆಸರು ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಮೊಳಗಿತು. 1934ರಲ್ಲಿ ಆನೆ ಕುದುರೆಗಳನ್ನು ರಂಗದ ಮೇಲೆ ತಂದು ‘ಕುರುಕ್ಷೇತ್ರ’ ಆಡಿದಾಗಲೂ ಜನ ಮುಗಿಬಿದ್ದು ನೋಡಿದ್ದು ಬೆಂಗಳೂರಿನಲ್ಲಿ. ಗುಬ್ಬಿಯ ಪಾಲಿಗೆ ಕಂಪನಿ ದೂರದೂರಿನಲ್ಲಿ ದೊಡ್ಡವನಾದ ಮನೆಮಗನ ಹಾಗೆ.

ಇನ್ನೊಂದು ಕಾರಣವನ್ನೂ ಹೇಳಬೇಕು. ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಸರ್ಕಾರ ಕೊಡುವ ಪ್ರಶಸ್ತಿ ರಂಗಭೂಮಿಗೆ, ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವೂ ಇದೆ. ಚಿತ್ರರಂಗದ ಪ್ರಶಸ್ತಿಗಳಿಗೆ ರಾಜಕುಮಾರ್, ಪುಟ್ಟಣ್ಣ ಕಣಗಾಲ್ ಮುಂತಾದವರ ಹೆಸರುಗಳಿವೆ. ಹೀಗೆ ಹೆಸರುಗಳನ್ನು ಹಂಚಿದ ಮೇಲೆ ವೀರಣ್ಣನವರು ನಾಟಕದವರು ಎಂಬುದು ಮಾತ್ರ ಜನರ ಮನಸ್ಸಿನಲ್ಲಿ ನಿಂತಿತು. ನಾಟಕಕ್ಕೆ ಸಂದ ಗೌರವದಲ್ಲಿ ತಪ್ಪೇನೂ ಇಲ್ಲ. ಆದರೆ ಅವರ ಬದುಕಿನ ಸುಮಾರು ಕಾಲು ಶತಮಾನ ಕಾಲ ಸಿನಿಮಾದ ಹಂಬಲವೂ ಜೊತೆಯಲ್ಲಿ ಹರಿದಿತ್ತು ಎಂಬುದನ್ನು ಕಡೆಗಣಿಸಿದರೆ ಅವರನ್ನು ಅರ್ಧ ಮಾತ್ರ ಕಂಡಂತೆ.

ಆ ಹುಡುಗಿಯ ತಾತ ಇದ್ದಾರಲ್ಲ, ಅವರಿಂದಲೇ ಆರಂಭಿಸಿ. ಅವರು ಯಾವ ಚಿತ್ರವನ್ನು ಎಲ್ಲಿ ನೋಡಿದರು, ಟೆಂಟ್‌ನಲ್ಲೋ ಟಾಕೀಸಿನಲ್ಲೋ, ಯಾರ ಜೊತೆ ಹೋಗಿದ್ದರು, ಯಾವ ಹಾಡು ಇನ್ನೂ ನೆನಪಿದೆ ಎಂದು ಕೇಳಿ ಅವಳೇ ಬರೆದುಕೊಳ್ಳಲಿ. ಹಳೆಯ ಟ್ರಂಕಿನಲ್ಲಿ ಕರಪತ್ರ, ಪದ್ಯಾವಳಿ ಪುಸ್ತಕ ಏನಾದರೂ ಉಳಿದಿದ್ದರೆ ಫೋಟೋ ತೆಗೆದಿಡಿ. ಆಗ ಚಿತ್ರದ ಹಾಡುಗಳನ್ನೂ ಕಥೆಯನ್ನೂ ಅಚ್ಚು ಹಾಕಿಸಿ ಕಾಸಿಗೆ ಮಾರುತ್ತಿದ್ದರು, ರೀಲು ನಾಶವಾದ ಎಷ್ಟೋ ಚಿತ್ರಗಳ ಗುರುತು ಉಳಿದಿರುವುದು ಅಂಥ ನಾಲ್ಕಾಣೆ ಪುಸ್ತಕಗಳಲ್ಲಿ.

ನಿಟ್ಟೂರಿನ ಮೇಷ್ಟ್ರು

ನಿನ್ನೆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅವರ ಮನೆಗೆ ಹೋಗಿದ್ದೆ. ತಾತನಿಗೆ ಕಿವಿ ಮಂದ, ಮೊಮ್ಮಗಳು ಹತ್ತಿರ ಕುಳಿತು ನನ್ನ ಪ್ರಶ್ನೆಗಳನ್ನು ಜೋರಾಗಿ ಹೇಳಬೇಕಾಯಿತು. ಮೂಕಿ ಚಿತ್ರಗಳ ಕಾಲಕ್ಕೆ ಅವರು ಹುಟ್ಟಿಯೇ ಇರಲಿಲ್ಲ, ಆದರೆ ‘ಬೇಡರ ಕಣ್ಣಪ್ಪ’ವನ್ನು ಹುಡುಗನಾಗಿದ್ದಾಗ ತುಮಕೂರಿಗೆ ಎತ್ತಿನ ಗಾಡಿಯಲ್ಲಿ ಹೋಗಿ ನೋಡಿದ್ದು ಚೆನ್ನಾಗಿ ನೆನಪಿದೆ. ಕಣ್ಣು ಕಿತ್ತುಕೊಡುವ ದೃಶ್ಯದಲ್ಲಿ ಅವರ ತಾಯಿ ಸೆರಗಿನಿಂದ ಅವರ ಮುಖ ಮುಚ್ಚಿದರಂತೆ, ಅವರು ಸೆರಗಿನ ನೂಲಿನ ಸಂದಿಯಿಂದಲೇ ನೋಡಿದರಂತೆ. ಪದ್ಯಾವಳಿ ಪುಸ್ತಕವನ್ನೂ ಅಂದೇ ಕೊಂಡಿದ್ದರಂತೆ, ಆದರೆ ಮನೆ ರಿಪೇರಿಯ ಕಾಲದಲ್ಲಿ ಅದು ಕಳೆದುಹೋಗಿದೆ.

ಅವರು ಹೇಳಿದ್ದನ್ನೆಲ್ಲ ಹುಡುಗಿ ಬರೆದುಕೊಂಡಿದ್ದಾಳೆ. ಅವಳ ಲೇಖನಕ್ಕೆ ‘ನಮ್ಮ ತಾತ ಕಂಡ ಗುಬ್ಬಿ’ ಎಂದು ಹೆಸರಿಟ್ಟುಕೊಂಡಿದ್ದಾಳೆ. ಸೋಮವಾರ ಗೋಡೆಗೆ ಹಾಕುತ್ತೇವೆ.